ಎಲೆಯೂ ಕಸವಂತೆ

ಮಲ್ಲೇಶ್ವರದಲ್ಲಿ ಮದುವೆ. ಊಟ ಮುಗಿಸಿ ಹೊರಬಂದವನಿಗೆ ಕಾಲು ತಾನಾಗಿ ಹಳೇ ಮನೆಯ ಕ್ರಾಸಿಗೆ ತಿರುಗಿತು. ನಾವು ಆ ಬಾಡಿಗೆ ಮನೆ ಬಿಟ್ಟು 31 ವರ್ಷ. ಮನೆ ಇನ್ನೂ ಇದೆ! ಅಕ್ಕಪಕ್ಕದವೆಲ್ಲ ನಾಲ್ಕಂತಸ್ತು ಎದ್ದು ನಿಂತಿರುವಾಗ ಅದೇ ಮಂಗಳೂರು ಹೆಂಚು, ಅದೇ ಕೆಂಪು ಗಾರೆಯ ಜಗಲಿ. ಈಗಿನ ಮನೆಯವರು ಒಳಗೆ ಕರೆದು ಕಾಫಿ ಕೊಟ್ಟರು. ಅಷ್ಟಕ್ಕೇ ಎದ್ದು ಬರಬೇಕಿತ್ತು. ಹಿತ್ತಲು ನೋಡಬಹುದಾ ಅಂದೆ.

ಹಿತ್ತಲು ಇರಲಿಲ್ಲ. ಗೋಡೆಯಿಂದ ಗೋಡೆಗೆ ಬೂದು ಬಣ್ಣದ ಸಿಮೆಂಟ್ ಹಾಸು. ಬಾವಿ ಇದ್ದ ಜಾಗದಲ್ಲಿ ಕಾರು. ಬಚ್ಚಲ ನೀರು ಹರಿಯುವಲ್ಲಿ ದೊಡ್ಡಪತ್ರೆ ಇತ್ತು. ಕೆಮ್ಮಿದರೆ ಸಾಕು, ಅಮ್ಮ ಎಲೆ ಬಾಡಿಸಿ ರಸ ಹಿಂಡುತ್ತಿದ್ದಳು, ನಾವು ಔಷಧದಂಗಡಿಯ ಸಿರಪ್ಪೇ ಬೇಕೆಂದು ಮುಖ ತಿರುಗಿಸುತ್ತಿದ್ದೆವು. ಹಿತ್ತಲ ಗಿಡ ಮದ್ದಲ್ಲ ಅಂದವರಿಗೂ ಹಿತ್ತಲು ಅಂತ ಒಂದಿತ್ತು, ಬಿಡಿ.

‘ಮೂಲೆಯಲ್ಲಿ ಸಂಪಿಗೆ ಮರ ಇತ್ತಲ್ಲ?’

‘ಕಡಿಸಿಬಿಟ್ವಿ ಸಾರ್. ಬೆಳಗಾದ್ರೆ ಬರೀ ಕಸ.’

ಕಸ! ಸಂಪಿಗೆ ರಸ್ತೆಯಿಂದ ಕೂಗಳತೆಯಲ್ಲಿ ನಿಂತು ಆಡುವ ಮಾತೇ ಇದು? 1898ರ ಪ್ಲೇಗಿಗೆ ಬೆಚ್ಚಿದ ಜನ ಪೇಟೆಯ ಇಕ್ಕಟ್ಟು ಬಿಟ್ಟು, ಗಾಳಿ ಬೆಳಕು ಬೇಕೆಂದು ಬಂದು ನೆಲೆಸಿದ ಬಡಾವಣೆ ಇದು. ಒಂದು ಬೀದಿಗೆ ಸಂಪಿಗೆಯ ಹೆಸರು, ಇನ್ನೊಂದಕ್ಕೆ ಬೇವಿನದು. ಮಾರ್ಗೋಸಾ ಅಂದರೆ ಬೇವು ಎಂಬುದು ಆ ರಸ್ತೆಯಲ್ಲಿ ದಿನಾ ಹಾರ್ನ್ ಹೊಡೆಯುವ ಎಷ್ಟು ಮಂದಿಗೆ ಗೊತ್ತೋ. ಬಿಸ್ಕತ್ತಿನ ಪೊಟ್ಟಣ, ಹಾಲಿನ ಕವರು ಬಿದ್ದಲ್ಲೇ ಬಿದ್ದಿದ್ದರೂ ಕಣ್ಣಿಗೆ ಕಾಣದವರಿಗೆ ಎಲೆ ಮಾತ್ರ ಕಸವಾಗಿ ಕಾಣುತ್ತದೆ.

ನನ್ನ ದನಿ ಏರಿತು. ನಿಮ್ಮದೇ ಮನೆಯ ಮರವಾದರೂ 1976ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕು, ತಗೊಂಡಿದ್ರಾ ಅಂತ ಕೇಳಿಯೇಬಿಟ್ಟೆ. ಅವರ ಮನೆಯ ಕಾಫಿ ಕುಡಿದು, ಲೋಟ ಇನ್ನೂ ಕೈಯಲ್ಲಿರುವಾಗಲೇ ಅವರನ್ನು ಕಟಕಟೆಗೆ ಹತ್ತಿಸಿದ್ದೆ. ಆತ ಕಾರಿನ ಕಡೆ ನೋಡಿದರು.

ಬಾಗಿಲಲ್ಲಿ ಅವರ ತಾಯಿ ಬಂದು ನಿಂತಿದ್ದು ನಾನು ಗಮನಿಸಿರಲಿಲ್ಲ. ಎಂಬತ್ತರ ಹತ್ತಿರದ ವಯಸ್ಸು, ಸೊಂಟದ ಮೇಲೆ ಕೈ. ‘ನೀವಿದ್ದಾಗ ಅದನ್ನ ಯಾರಪ್ಪಾ ಗುಡಿಸ್ತಿದ್ದೋರು?’

‘ಅಮ್ಮ,’ ಅಂದೆ.

ಆಕೆ ಮತ್ತೇನೂ ಹೇಳಲಿಲ್ಲ. ತೆಂಗಿನ ಕಡ್ಡಿಪೊರಕೆ ಹಿಡಿದು, ಕತ್ತಲು ಹರಿಯುವ ಮೊದಲೇ ಅಮ್ಮ ಬಗ್ಗಿ ಗುಡಿಸುತ್ತಿದ್ದ ಸದ್ದು ನನಗೆ ನಿದ್ದೆಯಲ್ಲಿ ಕೇಳಿದ್ದೇ ಹೊರತು ಎದ್ದು ನೋಡಿದ ನೆನಪಿಲ್ಲ. ಒಣಗೆಲೆ ಗುಡ್ಡೆ ಮಾಡಿ ಹಂಡೆಯ ಒಲೆಗೆ ತುರುಕುತ್ತಿದ್ದಳು. ನಾನೂ ಅಣ್ಣನೂ ಆ ಬಿಸಿನೀರು ಮಿಂದು, ಮರ ಹತ್ತಿ ಹೂ ಕಿತ್ತು, ಅಕ್ಕಪಕ್ಕದ ಮನೆಗಳಿಗೆ ಹಂಚಿ ಜಾಣರೆನಿಸಿಕೊಂಡೆವು. ಆದರೂ ಎಲೆಯನ್ನು ಕಸ ಅನ್ನುವುದನ್ನು ಒಪ್ಪಲಾರೆ. ಅನ್ನುವ ಹಕ್ಕು ಯಾರಿಗಾದರೂ ಇದ್ದರೆ ಆ ಮುದುಕಿಗಿದೆ, ಮಗನಿಗಿಲ್ಲ.

ಹೊರಡುವಾಗ ಆಕೆ ಮೆಟ್ಟಿಲ ಬದಿಯ ಕುಂಡದಿಂದ ದೊಡ್ಡಪತ್ರೆಯ ಒಂದು ಕಡ್ಡಿ ಮುರಿದು ಕೊಟ್ಟರು. ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ನೆಟ್ಟಿದ್ದೇನೆ. ಇವತ್ತು ಬೆಳಿಗ್ಗೆ ಪೇಪರ್ ಓದುತ್ತ ಕೂತಲ್ಲಿಂದಲೇ ಹೆಂಡತಿಯನ್ನು ಕೇಳಿದೆ, ‘ಅದಕ್ಕೆ ನೀರು ಹಾಕಿದೆಯಾ?’