ಒಳಗೆ ಹೋಗುವ ಮೊದಲು ಹೊರಬರುವ ದಾರಿ

ಕಳೆದ ಹದಿನೈದು ದಿನಗಳಲ್ಲಿ ನಮ್ಮ ಆಫೀಸಿಗೆ ನಾಲ್ಕು ಕಂಪನಿಗಳ ಮಾರಾಟದವರು ಬಂದು ಹೋದರು. ನಾಲ್ವರ ಕೈಯಲ್ಲೂ ಲ್ಯಾಪ್‌ಟಾಪ್, ನಾಲ್ವರ ಬಾಯಲ್ಲೂ ಒಂದೇ ಮಾತು: "ಸರ್, ಈ ಲೈನಿನಲ್ಲಿ ನಾವೇ ನಂಬರ್ ಒನ್." ನಾಲ್ವರ ಗ್ರಾಫಿನಲ್ಲೂ ಅವರವರ ಕಂಬವೇ ಎಲ್ಲಕ್ಕಿಂತ ಎತ್ತರ! ಚಹಾ ಬಿಸ್ಕೆಟ್ ಮುಗಿಸಿ ಅವರು ಹೋದ ಮೇಲೆ ನಮ್ಮ ಸೇಠ್ ನನ್ನನ್ನು ಒಳಗೆ ಕರೆದರು. "ಎಲ್ಲಾ ಕೇಳಿದೆ. ಆದರೆ ಐದು ವರ್ಷ ಆದಮೇಲೆ ಇವರ ಜತೆ ಸರಿಹೋಗದಿದ್ದರೆ ನಮ್ಮ ಸಾಮಾನು ಎತ್ತಿಕೊಂಡು ಹೊರಗೆ ಬರೋದು ಹೇಗೆ? ಅದನ್ನು ಒಬ್ಬರೂ ಹೇಳಲಿಲ್ಲವಲ್ಲ" ಅಂದರು.

ಮೂವತ್ತು ವರ್ಷ ಮುಂಬೈಯ ಸರ್ವರ್ ಕೋಣೆಗಳಲ್ಲಿ ಎಸಿ ಗಾಳಿ ಕುಡಿದ ನನಗೆ ಹೊಳೆಯದ ಪ್ರಶ್ನೆ ಔಷಧಿ ವ್ಯಾಪಾರದ ಸೇಠ್‌ಗೆ ಹೊಳೆದಿತ್ತು. ಆ ಪ್ರಶ್ನೆಯೇ ಈ ಬರಹಕ್ಕೆ ಕಾರಣ. ನಿಮ್ಮಲ್ಲಿ ಹಲವರು ಬ್ಯಾಂಕಿನಲ್ಲೋ, ಕ್ರೆಡಿಟ್ ಸೊಸೈಟಿಯಲ್ಲೋ, ಕಾರ್ಖಾನೆಯಲ್ಲೋ ಇದೇ ಕೆಲಸ ನೋಡುವವರು. ಇಂದಲ್ಲ ನಾಳೆ ನಿಮ್ಮ ಮೇಜಿಗೂ ಇಂಥ ಕೊಟೇಶನ್‌ಗಳು ಬಂದೇ ಬರುತ್ತವೆ.

ವಿಷಯ ಹೈಪರ್‌ಕನ್ವರ್ಜ್ಡ್ ಇನ್‌ಫ್ರಾಸ್ಟ್ರಕ್ಚರ್, ಚಿಕ್ಕದಾಗಿ ಎಚ್‌ಸಿಐ. ಹೆಸರು ಕೇಳಿ ಹೆದರಬೇಡಿ. ಮಾಟುಂಗಾದ ಹಳೆಯ ಉಡುಪಿ ಹೋಟೆಲಿನ ಅಡುಗೆಮನೆ ನೆನಪಿಸಿಕೊಳ್ಳಿ. ಒಲೆಗಳೆಲ್ಲ ಒಂದು ಕಡೆ, ಉಗ್ರಾಣ ಇನ್ನೊಂದು ಕಡೆ, ಉಗ್ರಾಣದ ಬೀಗದ ಕೈ ಒಬ್ಬರ ಸೊಂಟದಲ್ಲಿ. ನಮ್ಮ ಹಳೆಯ ಡೇಟಾ ಸೆಂಟರ್ ಹೀಗೇ ಇತ್ತು. ಸರ್ವರ್‌ಗಳೇ ಒಲೆ, ಸ್ಯಾನ್ ಸ್ಟೋರೇಜೇ ಉಗ್ರಾಣ, ನಡುವಿನ ಫೈಬರ್ ಚಾನೆಲ್ ಸ್ವಿಚ್ಚುಗಳೇ ಓಡಾಡುವ ದಾರಿ. ಮೂರಕ್ಕೂ ಬೇರೆ ಬೇರೆ ಎಎಂಸಿ. ಏನಾದರೂ ಕೆಟ್ಟರೆ ಮೂರು ಕಂಪನಿಯವರೂ ಪರಸ್ಪರ ಬೆರಳು ತೋರಿಸುವವರೇ.

ಎಚ್‌ಸಿಐನಲ್ಲಿ ಪ್ರತ್ಯೇಕ ಉಗ್ರಾಣ ಇಲ್ಲ. ಪ್ರತಿ ಒಲೆಯ ಕೆಳಗೇ ಒಂದು ಕಪಾಟು. ಪ್ರತಿಯೊಂದು ಸಾಮಾನನ್ನೂ ಎರಡು ಬೇರೆ ಬೇರೆ ಕಪಾಟುಗಳಲ್ಲಿ ಇಡುತ್ತಾರೆ. ಅಡುಗೆಯವರ ಕಣ್ಣಿಗೆ ಮಾತ್ರ ಎಲ್ಲ ಸೇರಿ ಒಂದೇ ದೊಡ್ಡ ಉಗ್ರಾಣ. ಒಂದು ಒಲೆ ಆರಿದರೆ ಉಳಿದವು ಕೆಲಸ ಹಂಚಿಕೊಳ್ಳುತ್ತವೆ. ಜಾಗ ಸಾಲದಿದ್ದರೆ ಕಪಾಟು ಸಮೇತ ಇನ್ನೊಂದು ಒಲೆ ತಂದು ಸಾಲಿಗೆ ಸೇರಿಸಿದರಾಯಿತು. ಈ ಕಪಾಟು ಸಮೇತದ ಒಲೆಗೇ ನೋಡ್ ಎನ್ನುವುದು, ಸಾಲಿಗೆ ಕ್ಲಸ್ಟರ್ ಎನ್ನುವುದು.

ಉಪಾಯ ನಿಜಕ್ಕೂ ಒಳ್ಳೆಯದೇ. ಸಾಧಾರಣ ಯಂತ್ರಗಳನ್ನು ಸಾಲಾಗಿ ಜೋಡಿಸಿ, ಕೆಡುವುದು ಸಹಜ ಎಂದೇ ಲೆಕ್ಕ ಹಾಕಿ, ಒಂದೇ ಮಾಹಿತಿಯ ಹಲವು ಪ್ರತಿ ಇಡುವ ಬಗೆಯನ್ನು 2003ರಲ್ಲಿ ಸಂಜಯ್ ಘೆಮಾವತ್ ಮತ್ತಿಬ್ಬರು ಗೂಗಲ್ ಫೈಲ್ ಸಿಸ್ಟಮ್ ಕುರಿತ ಪ್ರಬಂಧದಲ್ಲಿ ವಿವರಿಸಿದ್ದರು. ಗೂಗಲ್‌ನಲ್ಲಿ ಆ ಕೆಲಸ ಮಾಡಿದ್ದ ಮೋಹಿತ್ ಆರೋನ್, ಧೀರಜ್ ಪಾಂಡೆ ಮತ್ತು ಅಜೀತ್ ಸಿಂಗ್ ಸೇರಿ 2009ರಲ್ಲಿ ನುಟಾನಿಕ್ಸ್ ಶುರು ಮಾಡಿದರು. ದೊಡ್ಡವರ ಮನೆಯ ಅಡುಗೆ ನಮ್ಮಂಥವರ ಮನೆಗೂ ಬಂದದ್ದು ಹೀಗೆ.

ಇನ್ನು ನನ್ನ ತಪ್ಪಿನ ಕಥೆ ಹೇಳಿಬಿಡುತ್ತೇನೆ. ಅದನ್ನು ಮುಚ್ಚಿಟ್ಟು ಉಪದೇಶ ಮಾಡುವುದು ಸರಿಯಲ್ಲ.

2018ರಲ್ಲಿ ನಾಲ್ಕು ನೋಡ್‌ಗಳ ಕ್ಲಸ್ಟರ್ ಕೊಂಡೆವು. ಯಾವುದು ಅಂತ ಬೇಡ, ತಪ್ಪು ಅದರದ್ದಲ್ಲ. ಒಂದೊಂದರಲ್ಲಿ 10 ಟಿಬಿ, ಒಟ್ಟು 40. ಎರಡೆರಡು ಪ್ರತಿ ಇಡುವುದರಿಂದ ಅರ್ಧ, ಅಂದರೆ 20 ಟಿಬಿ ಬಳಸಬಹುದು ಎಂದು ಸೇಠ್‌ಗೆ ಬರೆದುಕೊಟ್ಟೆ. ಮೂರು ವರ್ಷದಲ್ಲಿ 17 ಟಿಬಿ ತುಂಬಿತು. "ಇನ್ನೂ ಮೂರು ಇದೆಯಲ್ಲ" ಎಂದು ಆರಾಮಾಗಿದ್ದೆ. 2021ರ ದೀಪಾವಳಿಯ ರಾತ್ರಿ ಡೊಂಬಿವಲಿಯ ಮನೆಯಲ್ಲಿ ಮಕ್ಕಳು ಹೂಕುಂಡ ಹಚ್ಚುತ್ತಿದ್ದಾಗ ಮೊಬೈಲು ಕೂಗಿತು. ಒಂದು ನೋಡ್‌ನ ಮದರ್‌ಬೋರ್ಡ್ ಸತ್ತಿತ್ತು.

ಕೆಲಸ ನಿಲ್ಲಲಿಲ್ಲ, ಅದು ಈ ವ್ಯವಸ್ಥೆಯ ದೊಡ್ಡ ಗುಣ. ಆದರೆ ಸತ್ತ ನೋಡ್‌ನಲ್ಲಿದ್ದ ಎಂಟೂವರೆ ಟಿಬಿಯ ಪ್ರತಿಗಳನ್ನು ಉಳಿದ ಮೂರರಲ್ಲಿ ಹೊಸದಾಗಿ ಬರೆಯಬೇಕಲ್ಲ? ಆ ಮೂರರಲ್ಲೂ ಸೇರಿ ಖಾಲಿ ಇದ್ದದ್ದು ನಾಲ್ಕೂವರೆ. ಜಾಗವಿಲ್ಲ! ಎರಡು ದಿನ ನಮ್ಮ ಕಂಪನಿಯ ಲೆಕ್ಕಪತ್ರದ ಎಷ್ಟೋ ಭಾಗಕ್ಕೆ ಲೋಕದಲ್ಲಿ ಒಂದೇ ಪ್ರತಿ ಇತ್ತು. ಇನ್ನೊಂದು ಡಿಸ್ಕ್ ಕೆಟ್ಟಿದ್ದರೆ ಹಿಂದಿನ ರಾತ್ರಿಯ ಬ್ಯಾಕಪ್ಪೇ ಗತಿ. ನಾನೂ ನನ್ನ ಕೈಕೆಳಗಿನ ಹುಡುಗನೂ ಹಬ್ಬದೂಟ ಬಿಟ್ಟು ಕೂತು ಹಳೆಯ ಟೆಸ್ಟ್ ಮಷೀನುಗಳನ್ನೂ ಸ್ನ್ಯಾಪ್‌ಶಾಟ್‌ಗಳನ್ನೂ ಒಂದೊಂದಾಗಿ ಅಳಿಸಿ ಜಾಗ ಮಾಡಿದೆವು. ಮೂರನೆಯ ದಿನ ಬೋರ್ಡ್ ಬಂತು. ಏನೂ ಕಳೆದುಹೋಗಲಿಲ್ಲ. ಆದರೆ ಆ ಎರಡು ರಾತ್ರಿಗಳ ನಂತರ ನಾನು ಕೊಟೇಶನ್ ಓದುವ ರೀತಿಯೇ ಬದಲಾಯಿತು.

ಸರಿಯಾದ ಲೆಕ್ಕ ಹೀಗೆ: ಒಂದು ನೋಡ್ ಇಲ್ಲವೆಂದೇ ಎಣಿಸಿ, ಉಳಿದದ್ದನ್ನು ಅರ್ಧ ಮಾಡಿ, ಅದರಲ್ಲೂ ಉಸಿರಾಡಲು ಸ್ವಲ್ಪ ಬಿಡಿ. ನಾಲ್ಕು ಹತ್ತರ ನಲವತ್ತು ಕಾಗದದ ಮೇಲೆ. ಕೈಗೆ ಬರುವುದು 15ಕ್ಕೂ ಕಡಿಮೆ.

ಈಗ ಹೋಲಿಕೆಗೆ ಬರೋಣ.

ನುಟಾನಿಕ್ಸ್: ಕೈಗೆ ಸುಲಭ ಎನ್ನುವುದರಲ್ಲಿ ಎರಡು ಮಾತಿಲ್ಲ. ಪ್ರಿಸಂ ಎಂಬ ಒಂದೇ ಪರದೆಯಲ್ಲಿ ಎಲ್ಲ ಕಾಣುತ್ತದೆ. ಕೆವಿಎಂ ಆಧಾರದ ಅವರದೇ ಹೈಪರ್‌ವೈಸರ್ ಎಎಚ್‌ವಿಗೆ ಬೇರೆ ಹಣ ಕೊಡಬೇಕಿಲ್ಲ. ಡೆಲ್, ಎಚ್‌ಪಿಇ, ಲೆನೊವೊ, ಸಿಸ್ಕೊ ಹೀಗೆ ಹಲವರ ಯಂತ್ರಗಳ ಮೇಲೆ ಓಡುತ್ತದೆ. ಆದರೆ ಪ್ರತಿ ನೋಡ್‌ನಲ್ಲೂ ಕಂಟ್ರೋಲರ್ ವಿಎಂ ಎಂಬ ಒಬ್ಬ ಮೇಸ್ತ್ರಿ ಕೂತಿರುತ್ತಾನೆ, ಅವನ ಊಟವೇ ಸುಮಾರು 32 ಜಿಬಿ ಮೆಮೊರಿ, ಕೆಲಸ ಹೆಚ್ಚಿದ್ದಲ್ಲಿ ಅದಕ್ಕೂ ಹೆಚ್ಚು. ಸಣ್ಣ ಕ್ಲಸ್ಟರಿಗೆ ಇದು ಭಾರ. ವಿಎಂವೇರ್‌ನಿಂದ ಇಲ್ಲಿಗೆ ಬರಲು ಮೂವ್ ಎಂಬ ಸಾಧನವನ್ನು ಪುಕ್ಕಟೆ ಕೊಡುತ್ತಾರೆ. ಇಲ್ಲಿಂದ ಹೋಗುವ ಬಗ್ಗೆ ನೀವಾಗಿಯೇ ಕೇಳಬೇಕು.

ವಿಎಂವೇರ್ ವಿಸ್ಯಾನ್: 2014ರಿಂದ ಇದೆ. ಹೈಪರ್‌ವೈಸರ್‌ನ ಒಳಗೇ ಸೇರಿಕೊಂಡಿರುವುದರಿಂದ ಪ್ರತ್ಯೇಕ ಮೇಸ್ತ್ರಿ ಬೇಡ. ಇದನ್ನು ಬಲ್ಲ ಹುಡುಗರು ಮುಂಬೈ, ಪುಣೆ, ಬೆಂಗಳೂರು ಎಲ್ಲ ಕಡೆ ಸಿಗುತ್ತಾರೆ, ಇದು ಸಣ್ಣ ಮಾತಲ್ಲ. ಆದರೆ 2023ರ ನವೆಂಬರ್ 22ರಂದು ಬ್ರಾಡ್‌ಕಾಮ್ ಇಡೀ ಕಂಪನಿಯನ್ನು ಕೊಂಡಿತು. ಮರುತಿಂಗಳೇ, ಒಮ್ಮೆ ಕೊಂಡು ಸದಾ ಬಳಸುವ ಲೈಸೆನ್ಸುಗಳ ಮಾರಾಟ ನಿಂತಿತು. ಬೇಕಾದ್ದನ್ನು ಬಿಡಿಯಾಗಿ ಕೊಳ್ಳುವ ಬದಲು ಕಟ್ಟುಗಳಾಗಿ ಚಂದಾ ಕಟ್ಟಬೇಕಾಯಿತು. ಒಂದೊಂದು ಪ್ರೊಸೆಸರ್‌ಗೂ ಕನಿಷ್ಠ 16 ಕೋರ್‌ಗಳ ಲೆಕ್ಕ, ನಿಮ್ಮದು 8 ಕೋರಿನದಾದರೂ 16ಕ್ಕೇ ದುಡ್ಡು. ವಿಸ್ಫಿಯರ್ 7ರ ಬೆಂಬಲ 2025ರ ಅಕ್ಟೋಬರ್ 2ಕ್ಕೆ ಮುಗಿಯಿತು. ಸಾಫ್ಟ್‌ವೇರ್ ಕೆಟ್ಟದಾಗಿಲ್ಲ. ಅದನ್ನು ಮಾರುವ ನಿಯಮ ಬದಲಾಯಿತು.

ಮೈಕ್ರೋಸಾಫ್ಟ್: ವಿಂಡೋಸ್ ಸರ್ವರ್ 2016ರ ಡೇಟಾಸೆಂಟರ್ ಆವೃತ್ತಿಯಲ್ಲೇ ಸ್ಟೋರೇಜ್ ಸ್ಪೇಸಸ್ ಡೈರೆಕ್ಟ್ ಬಂದಿತ್ತು. 2020ರಲ್ಲಿ ಅಜೂರ್ ಸ್ಟ್ಯಾಕ್ ಎಚ್‌ಸಿಐ ಎಂಬ ಪ್ರತ್ಯೇಕ ವ್ಯವಸ್ಥೆ, ತಿಂಗಳಿಗೆ ಒಂದು ಕೋರ್‌ಗೆ 10 ಡಾಲರ್ ಎಂದು ಶುರುವಾಯಿತು. 2024ರ ನವೆಂಬರ್‌ನಲ್ಲಿ ಹೆಸರು ಅಜೂರ್ ಲೋಕಲ್ ಆಯಿತು. 32 ಕೋರ್‌ಗಳ ಮೂರು ನೋಡ್ ಇದ್ದರೆ ಆ ದರದಲ್ಲಿ ತಿಂಗಳಿಗೆ 960 ಡಾಲರ್, ಒಳಗೆ ಓಡುವ ವಿಂಡೋಸ್‌ಗಳ ಲೈಸೆನ್ಸು ಬೇರೆ. ಸಾಮಾನ್ಯ ಬಳಕೆಯಲ್ಲಿ 30 ದಿನಕ್ಕೊಮ್ಮೆಯಾದರೂ ಅಜೂರ್ ಜತೆ ಮಾತಾಡಲೇಬೇಕು. ಇಲ್ಲವಾದರೆ ಇರುವ ವಿಎಂಗಳು ಓಡುತ್ತವೆ, ಹೊಸದನ್ನು ಮಾಡಲಾಗದು. ಯಂತ್ರ ನನ್ನ ಕೋಣೆಯಲ್ಲಿ, ಹಾಜರಿ ಪುಸ್ತಕ ಅವರ ಮನೆಯಲ್ಲಿ! ಮನೆಯೆಲ್ಲ ವಿಂಡೋಸೇ ಆಗಿರುವವರಿಗೆ ಒಗ್ಗುತ್ತದೆ.

ಪ್ರಾಕ್ಸ್‌ಮಾಕ್ಸ್: ವಿಯೆನ್ನಾದ ಕಂಪನಿಯ ತಂತ್ರಾಂಶ, ಇದು 2008ರಿಂದ ಇದೆ. ಮುಕ್ತ ತಂತ್ರಾಂಶ. 2014ರಲ್ಲಿ ಸೆಫ್ ಎಂಬ ಸ್ಟೋರೇಜನ್ನು ಒಳಗೆ ಸೇರಿಸಿಕೊಂಡರು. ಹಣ ಕೊಡದೆಯೂ ಬಳಸಬಹುದು, ಬೆಂಬಲ ಬೇಕೆಂದರೆ ಪ್ರೊಸೆಸರ್ ಲೆಕ್ಕದಲ್ಲಿ ವಾರ್ಷಿಕ ಚಂದಾ. 2024ರಲ್ಲಿ ವಿಎಂವೇರ್‌ನಿಂದ ವಿಎಂಗಳನ್ನು ನೇರವಾಗಿ ತಂದುಕೊಳ್ಳುವ ಸೌಲಭ್ಯವೂ ಬಂತು. ಆದರೆ ಸೆಫ್ ಸಾಮಾನ್ಯವಾಗಿ ಮೂರು ಪ್ರತಿ ಇಡುತ್ತದೆ, ಜಾಗ ಮೂರರಲ್ಲೊಂದು. ನೆಟ್‌ವರ್ಕ್ ಕನಿಷ್ಠ 10 ಗಿಗಾಬಿಟ್ ಇರಲೇಬೇಕು. ಎಲ್ಲಕ್ಕಿಂತ ಮುಖ್ಯ, ಲಿನಕ್ಸ್ ಬಲ್ಲ ಇಬ್ಬರು ಬೇಕು. ಒಬ್ಬ ಅಲ್ಲ, ಇಬ್ಬರು. ಒಬ್ಬ ಕೆಲಸ ಬಿಟ್ಟ ದಿನ ಪುಕ್ಕಟೆ ತಂತ್ರಾಂಶ ಎಲ್ಲಕ್ಕಿಂತ ತುಟ್ಟಿಯಾಗುತ್ತದೆ.

"ದೊಡ್ಡ ಹೆಸರು ಕೊಂಡರೆ ಚಿಂತೆ ಇಲ್ಲ" ಎನ್ನುವವರಿಗೆ ಒಂದು ಮಾತು. ಸಿಸ್ಕೊ 2016ರಲ್ಲಿ ಹೈಪರ್‌ಫ್ಲೆಕ್ಸ್ ತಂದಿತು, ಅದರ ತಂತ್ರಾಂಶ ಮಾಡಿದ ಸ್ಪ್ರಿಂಗ್‌ಪಾತ್ ಕಂಪನಿಯನ್ನು 2017ರಲ್ಲಿ 32 ಕೋಟಿ ಡಾಲರಿಗೆ ಕೊಂಡಿತು, 2023ರಲ್ಲಿ ಮಾರಾಟ ನಿಲ್ಲಿಸುವುದಾಗಿ ಹೇಳಿ ನುಟಾನಿಕ್ಸ್ ಜತೆ ಕೈಜೋಡಿಸಿತು. ಸಿಸ್ಕೊಗಿಂತ ದೊಡ್ಡ ಹೆಸರು ಎಲ್ಲಿಂದ ತರುವುದು?

ಹಾಗಾಗಿ ನನ್ನ ಅಭಿಪ್ರಾಯ ಇದು. ವೇಗದ ಗ್ರಾಫುಗಳನ್ನು ಪಕ್ಕಕ್ಕಿಡಿ. ನಮ್ಮಂಥ ಐವತ್ತು ಅರವತ್ತು ವಿಎಂಗಳ ಕಂಪನಿಗೆ ನಾಲ್ಕೂ ಸಾಕಷ್ಟು ವೇಗವಾಗಿವೆ. ವ್ಯತ್ಯಾಸ ಇರುವುದು ಕೆಟ್ಟ ದಿನದಲ್ಲಿ, ಮತ್ತೆ ಬಿಟ್ಟು ಹೋಗುವ ದಿನದಲ್ಲಿ. ಆದ್ದರಿಂದ ಎರಡು ಪರೀಕ್ಷೆ ನಿಮ್ಮ ಕಣ್ಣೆದುರೇ ಮಾಡಿಸಿ. ಒಂದು, ಓಡುತ್ತಿರುವ ನೋಡ್‌ನ ಕರೆಂಟ್ ಕಿತ್ತು, ಮುಕ್ಕಾಲು ತುಂಬಿದ ಕ್ಲಸ್ಟರ್ ಮತ್ತೆ ಎರಡೆರಡು ಪ್ರತಿ ಮಾಡಿಕೊಳ್ಳುವವರೆಗೆ ಎಷ್ಟು ಹೊತ್ತು ಎಂದು ಗಡಿಯಾರ ನೋಡಿ. ಎರಡು, ಒಂದು ದೊಡ್ಡ ಡೇಟಾಬೇಸ್ ವಿಎಂಅನ್ನು ಅದರಿಂದ ಹೊರತೆಗೆದು, ಬೇರೆ ಕಂಪನಿಯ ಹೈಪರ್‌ವೈಸರ್ ಇರುವ ಸಾದಾ ಸರ್ವರ್‌ನಲ್ಲಿ ಎಬ್ಬಿಸಿ ತೋರಿಸಲು ಹೇಳಿ. ಚಂದಾ ಮುಗಿದ ಮರುದಿನ ಏನೇನು ನಿಲ್ಲುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಈ ಮೂರನ್ನೂ ಪರ್ಚೇಸ್ ಆರ್ಡರಿನಲ್ಲಿ ಸೇರಿಸಿ.

ಇನ್ನೂ ಎರಡು ಎಚ್ಚರ. ಸಿಸಿಟಿವಿ, ಆಸ್ಪತ್ರೆಯ ಸ್ಕ್ಯಾನ್‌ಗಳಂತೆ ಜಾಗ ಮಾತ್ರ ಬೆಳೆಯುವಲ್ಲಿ ಎಚ್‌ಸಿಐ ನಷ್ಟ. ಕಪಾಟಿಗಾಗಿ ಒಲೆಯನ್ನೂ ಕೊಂಡು, ಅದರ ಕೋರ್‌ಗಳಿಗೆಲ್ಲ ಲೈಸೆನ್ಸ್ ಕಟ್ಟಿದಂತಾಗುತ್ತದೆ. ಹತ್ತು ಹನ್ನೆರಡು ವಿಎಂ ಇರುವವರಿಗೆ ಎರಡು ಸರ್ವರ್, ಒಂದು ಸಾದಾ ಸ್ಟೋರೇಜ್ ಈಗಲೂ ಸಾಕು. ಇನ್ನೊಂದು, ಎರಡು ಪ್ರತಿ ಇದೆಯೆಂದರೆ ಬ್ಯಾಕಪ್ ಇದೆ ಎಂದಲ್ಲ. ರ‍್ಯಾನ್ಸಮ್‌ವೇರ್ ಬಂದರೆ ಎರಡೂ ಪ್ರತಿ ಒಟ್ಟಿಗೇ ಕೆಡುತ್ತವೆ. ನೀರು ಬಂದರೂ ಅಷ್ಟೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿದ್ದಾಗ ಆಗ ನಾನಿದ್ದ ಆಫೀಸಿನ ಸರ್ವರ್ ಕೋಣೆ ನೆಲಮಾಳಿಗೆಯಲ್ಲಿತ್ತು. ಉಳಿದದ್ದು, ಒಬ್ಬ ಸಹೋದ್ಯೋಗಿ ಮನೆಗೆ ಒಯ್ದಿದ್ದ ಟೇಪುಗಳು ಮಾತ್ರ. ಬ್ಯಾಕಪ್ ಬೇರೆ ಕಟ್ಟಡದಲ್ಲಿರಲಿ, ಆ ಕ್ಲಸ್ಟರಿನ ಹಂಗಿಲ್ಲದೆ ಏಳುವಂತಿರಲಿ. ಅಂಥ ಬ್ಯಾಕಪ್ಪೇ ನಿಮ್ಮ ಹೊರಬರುವ ದಾರಿಯೂ ಹೌದು.

ನಮ್ಮಲ್ಲಿ ನಾಲ್ಕರಲ್ಲಿ ಎರಡು ಉಳಿದಿವೆ. ಹೊರತೆಗೆದು ತೋರಿಸಿ ಎಂದಾಗ ಒಬ್ಬರು ನಕ್ಕು, "ಸರ್, ಮದುವೆ ಮಾತುಕತೆಯಲ್ಲೇ ಡಿವೋರ್ಸ್ ಕೇಳ್ತೀರಲ್ಲ" ಅಂದರು. ಇನ್ನೊಬ್ಬರು ತಾರೀಕು ಕೊಟ್ಟರು. ನನ್ನ ಮನಸ್ಸು ಯಾವ ಕಡೆ ವಾಲಿದೆ ಎಂದು ಬೇರೆ ಹೇಳಬೇಕಿಲ್ಲ.

1994ರಲ್ಲಿ ನಾನು ಕುಂದಾಪುರದಿಂದ ಮುಂಬೈ ಬಸ್ಸು ಹತ್ತಿದಾಗ ಕೊಂಕಣ ರೈಲು ಇನ್ನೂ ಬಂದಿರಲಿಲ್ಲ. ಅಪ್ಪಯ್ಯ ಚಡ್ಡಿಯ ಒಳಜೇಬಿನಲ್ಲಿ ವಾಪಸು ಬರುವ ಬಸ್ ಚಾರ್ಜು ಮಡಚಿಟ್ಟು, "ಇದನ್ನ ಮುಟ್ಬೇಡ" ಅಂದಿದ್ದರು. ಆ ದುಡ್ಡು ಬಳಸುವ ಪ್ರಸಂಗ ಬರಲೇ ಇಲ್ಲ. ಆದರೆ ಅದು ಜೇಬಿನಲ್ಲಿದ್ದುದರಿಂದಲೇ ಮೊದಲ ಸೇಠ್ ಸಂಬಳ ತಡ ಮಾಡಿದಾಗ ಎದುರು ನಿಂತು ಕೇಳುವ ಧೈರ್ಯ ಬಂದದ್ದು. ಕಂಪನಿಯ ಮಾಹಿತಿಗೂ ಅಂಥದೊಂದು ಬಸ್ ಚಾರ್ಜು ಎತ್ತಿಟ್ಟಿರಬೇಕು. ಹೋಗುವುದಕ್ಕೇ ಅಂತಲ್ಲ, ಇರುವಷ್ಟು ದಿನ ತಲೆಯೆತ್ತಿ ಇರುವುದಕ್ಕೆ.

ನಿಮ್ಮ ಆಫೀಸಿನಲ್ಲಿ ಆ ಬಸ್ ಚಾರ್ಜು ಯಾವ ಜೇಬಿನಲ್ಲಿದೆ? ಒಮ್ಮೆ ಮುಟ್ಟಿ ನೋಡಿಕೊಳ್ಳಿ.