ಪೆನ್‌ಡ್ರೈವ್ ಅಲ್ಲ ಅಮ್ಮ, ಅದು ಬೇರೆ

ಉಡುಪಿ ಜಿಲ್ಲೆಗೆ ತಂಬಾಕು ಹೊಸದಲ್ಲ. ಕಾರ್ಕಳ, ಕಾಪು ಕಡೆಯ ಎಷ್ಟೋ ಮನೆಗಳಲ್ಲಿ ಬೀಡಿ ಕಟ್ಟಿದ ಕೈಗಳೇ ಮಕ್ಕಳ ಫೀಸನ್ನೂ ಕಟ್ಟಿವೆ. ಜಗಲಿಯಲ್ಲಿ ಎಲೆ, ಹೊಗೆಸೊಪ್ಪು, ನೂಲು ಹರವಿಕೊಂಡು ಸಂಜೆಯವರೆಗೆ ಕೂತು, ಸಾವಿರದ ಲೆಕ್ಕ ಒಪ್ಪಿಸಲು ಬೀಡಿ ಕಂಪನಿಯ ಬ್ರಾಂಚಿಗೆ ಹೋಗಿಬಂದ ಹೆಂಗಸಿಗೆ ತಂಬಾಕಿನ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಅದರ ಘಾಟು ಅವಳ ಕೈಗೇ ಹತ್ತಿದೆ. ಗಂಡ ಸೇದಿ ಬಂದದ್ದು ಅಂಗಿಯಿಂದ ತಿಳಿಯುತ್ತಿತ್ತು, ಮಗ ಕದ್ದು ಸೇದಿದ್ದು ಜೇಬಿನ ಬೆಂಕಿಪೆಟ್ಟಿಗೆಯಿಂದ ತಿಳಿಯುತ್ತಿತ್ತು. ಅದೇ ಮನೆಯ ಮೇಜಿನ ಮೇಲೆ ಇವತ್ತು ಹಸಿರು ಬಣ್ಣದ, ಬೆರಳುದ್ದದ ಪ್ಲಾಸ್ಟಿಕ್ ವಸ್ತುವೊಂದು ಬಿದ್ದಿದೆ ಎಂದುಕೊಳ್ಳಿ.

"ಎಂತದು ಮಗಾ ಇದು?"

"ಪೆನ್‌ಡ್ರೈವ್ ಅಮ್ಮ, ಕಾಲೇಜಿಂದು."

ಅಲ್ಲಿಗೆ ಮಾತು ಮುಗಿಯಿತು. ಮುಂದಿನ ಪ್ರಶ್ನೆ ಕೇಳಲು ಅವಳಲ್ಲಿ ಪದಗಳೇ ಇಲ್ಲ.

ಇದು ಆ ತಾಯಿಯೊಬ್ಬಳ ಕಥೆಯಲ್ಲ ಎಂಬುದೇ ಈ ಸಂಪಾದಕೀಯಕ್ಕೆ ಕಾರಣ. ಹಾಸ್ಟೆಲಿನ ವಾರ್ಡನ್, ಪಿಯು ಕಾಲೇಜಿನ ಉಪನ್ಯಾಸಕ, ಠಾಣೆಯ ಪೇದೆ, ಹೊರರೋಗಿ ವಿಭಾಗದ ಕಿರಿಯ ವೈದ್ಯ, ಇವರೆಲ್ಲ ಇ-ಸಿಗರೇಟಿನ, ಅಂದರೆ ವೇಪ್‌ನ, ವಿಷಯದಲ್ಲಿ ಒಂದಲ್ಲ ಎರಡು ಹೆಜ್ಜೆ ಹಿಂದಿದ್ದಾರೆ. ಮೂರು ವರ್ಷದ ಹಿಂದೆ ಒಂದು ತರಬೇತಿಯಲ್ಲಿ ಕೂತು ನಾಲ್ಕು ಚಿತ್ರ ನೋಡಿ ಬಂದವರ ಸ್ಥಿತಿಯೂ ಅದೇ. ಏಕೆಂದರೆ ಆ ಚಿತ್ರದಲ್ಲಿದ್ದ ಉಪಕರಣವನ್ನು ಈಗ ಯಾರೂ ಬಳಸುವುದಿಲ್ಲ.

ಎಷ್ಟು ಬೇಗ ಬದಲಾಗಿದೆ ನೋಡಿ. ಚೀನಾದ ಔಷಧ ತಜ್ಞ ಹೊನ್ ಲಿಕ್ ಇಂದಿನ ಇ-ಸಿಗರೇಟಿನ ಮೂಲರೂಪವನ್ನು ತಯಾರಿಸಿದ್ದು 2003ರಲ್ಲಿ. ಮೊದಲ ತಲೆಮಾರಿನವು ಸಿಗರೇಟಿನಂತೆಯೇ ಇದ್ದವು. ಎಳೆದಾಗ ತುದಿಯಲ್ಲಿ ಪುಟ್ಟ ದೀಪ ಹತ್ತುತ್ತಿತ್ತು. ಆಮೇಲೆ ಪೆನ್ನಿನಂಥವು ಬಂದವು. ಅದಾದ ಮೇಲೆ ಮುಷ್ಟಿಗಾತ್ರದ ಪೆಟ್ಟಿಗೆಗಳು, ಅವುಗಳಿಗೆ ದ್ರವ ತುಂಬುವ ತೊಟ್ಟಿ, ವ್ಯಾಟ್ ಏರಿಳಿಸುವ ಗುಂಡಿ. ಎಲ್ಲದರ ಒಳಗೂ ಇರುವುದು ಸರಳ ಸಂಗತಿ: ಬ್ಯಾಟರಿ, ಕಾಯುವ ತಂತಿಸುರುಳಿ, ದ್ರವ ಹೀರಿಕೊಂಡ ಹತ್ತಿ. ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳ, ನಿಕೋಟಿನ್. ಅಲ್ಲಿ ಏನೂ ಉರಿಯುವುದಿಲ್ಲ, ಕಾದು ಮಂಜಾಗುತ್ತದೆ. ಬೂದಿಯಿಲ್ಲ, ತುಂಡು ಬೀಡಿಯಿಲ್ಲ, ಬಟ್ಟೆಗೆ ಹೊಗೆಯ ವಾಸನೆಯಿಲ್ಲ.

2015ರಲ್ಲಿ ಅಮೆರಿಕದಲ್ಲಿ ಜೂಲ್ ಎಂಬ ಇ-ಸಿಗರೇಟು ಬಂತು. ನೋಡಲು ಥೇಟ್ ಪೆನ್‌ಡ್ರೈವ್, ಕಂಪ್ಯೂಟರಿಗೆ ಚುಚ್ಚಿ ಚಾರ್ಜ್ ಮಾಡಬಹುದು. ಆದರೆ ನಿಜವಾದ ತಿರುವು ಅದರ ಆಕಾರದಲ್ಲಿರಲಿಲ್ಲ, ಒಳಗಿನ ರಸಾಯನದಲ್ಲಿತ್ತು. ಹಳೆಯ ದ್ರವಗಳಲ್ಲಿ ನಿಕೋಟಿನ್ ಹೆಚ್ಚಾದರೆ ಗಂಟಲು ಸುಡುತ್ತಿತ್ತು, ಹೊಸಬ ಕೆಮ್ಮಿ ಬಿಟ್ಟುಬಿಡುತ್ತಿದ್ದ. ಬೆಂಜೋಯಿಕ್ ಆಮ್ಲ ಸೇರಿಸಿ ಮಾಡಿದ ನಿಕೋಟಿನ್ ಲವಣಕ್ಕೆ ಆ ಉರಿಯಿಲ್ಲ. ಶೇ. 5ರಷ್ಟು ನಿಕೋಟಿನ್ ಇದ್ದರೂ ನುಣ್ಣಗೆ ಇಳಿಯುತ್ತದೆ. ಯುರೋಪಿನಲ್ಲಿ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂಗಿಂತ ಹೆಚ್ಚು ನಿಕೋಟಿನ್ ಇರಕೂಡದೆಂಬ ಮಿತಿಯಿದೆ. ಅಮೆರಿಕದ ಜೂಲ್‌ನ ಪಾಡ್‌ನಲ್ಲಿ, ಅಂದರೆ ದ್ರವ ತುಂಬಿದ ಪುಟ್ಟ ಡಬ್ಬಿಯಲ್ಲಿ, 59 ಇತ್ತು. ಮೊದಲ ಬೀಡಿಗೆ ಕೆಮ್ಮಿ ಕಣ್ಣೀರು ಹಾಕಿದ ಹುಡುಗನಿಗೆ ದೇಹವೇ ಬೇಡವೆಂದಿತ್ತು. ಈ ತಂತ್ರಜ್ಞಾನ ಮೊದಲು ಬಾಯಿ ಮುಚ್ಚಿಸಿದ್ದು ಆ ಕೆಮ್ಮನ್ನು.

2020ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಣ್ಣು, ಸಿಹಿತಿಂಡಿಗಳ ಪರಿಮಳವಿರುವ ಪಾಡ್‌ಗಳ ಮೇಲೆ ಕ್ರಮಕ್ಕಿಳಿಯಿತು. ಆದರೆ ಬಳಸಿ ಬಿಸಾಡುವ ವೇಪ್‌ಗಳನ್ನು ಆ ಆದೇಶದಿಂದ ಹೊರಗಿಟ್ಟಿತು. ಮಾರುಕಟ್ಟೆ ರಾತ್ರೋರಾತ್ರಿ ಬಿಸಾಡುವ ವೇಪ್‌ಗೆ ಹೊರಳಿತು. ಈಗಿನವುಗಳಲ್ಲಿ ಪುಟ್ಟ ಪರದೆಯಿದೆ, ಸಾವಿರಾರು ಪಫ್‌ನ ಲೆಕ್ಕವಿದೆ. ಕೆಲವು ಹೈಲೈಟರ್ ಪೆನ್ನಿನಂತಿದ್ದರೆ ಕೆಲವು ಕಿವಿಗೆ ಹಾಕುವ ಇಯರ್‌ಬಡ್‌ನ ಡಬ್ಬಿಯಂತಿವೆ.

ಇಲ್ಲೊಂದು ವಿಚಿತ್ರವಿದೆ. ಹಿಂದೆ ಬಿದ್ದವರು ನಾವಷ್ಟೇ ಅಲ್ಲ, ಎಳೆಯುವವನೂ ಬಿದ್ದಿದ್ದಾನೆ. ಹತ್ತು ವರ್ಷದ ಹಿಂದೆ ಪೆಟ್ಟಿಗೆಯಂಥ ಉಪಕರಣ ಇಟ್ಟುಕೊಂಡಿದ್ದ ಎಂಜಿನಿಯರಿಂಗ್ ಹುಡುಗನಿಗೆ ಒಳಗೇನಿದೆ ಎಂಬುದಾದರೂ ಗೊತ್ತಿತ್ತು. ತಂತಿ ತಾನೇ ಸುತ್ತುತ್ತಿದ್ದ, ದ್ರವ ತಾನೇ ತುಂಬುತ್ತಿದ್ದ, 3 ಮಿಲಿಗ್ರಾಮೋ 6 ಮಿಲಿಗ್ರಾಮೋ ಎಂದು ಆಯ್ದುಕೊಳ್ಳುತ್ತಿದ್ದ. ಅದು ಒಳ್ಳೆಯ ಚಟ ಎಂದು ನಾವು ಹೇಳುತ್ತಿಲ್ಲ. ಆದರೆ ಇವತ್ತಿನ ಹುಡುಗನ ಕೈಯಲ್ಲಿರುವುದು ಮೊಹರು ಹಾಕಿದ ಕೊಳವೆ. ತೆರೆಯುವ ಹಾಗಿಲ್ಲ, ಅಳೆಯುವ ಹಾಗಿಲ್ಲ. ನಿಷೇಧಿತ ಮಾಲಾದ್ದರಿಂದ ಹೊರಗೆ ಬರೆದ ಅಂಕಿಯನ್ನು ಯಾವ ಪ್ರಯೋಗಾಲಯವೂ ಪರೀಕ್ಷಿಸಿ ಮುದ್ರೆ ಒತ್ತಿಲ್ಲ. "ನಂಗೆ ಇದರ ಬಗ್ಗೆ ಎಲ್ಲ ಗೊತ್ತು" ಎನ್ನುವವನಿಗೆ ಗೊತ್ತಿರುವುದು ಪರಿಮಳದ ಹೆಸರು ಮಾತ್ರ.

ಕಾನೂನಾದರೂ ಹಿಂದೆ ಬಿದ್ದಿದೆಯೇ? ಇಲ್ಲ, ಈ ಓಟದಲ್ಲಿ ಸಮಕ್ಕೆ ನಿಂತಿರುವುದು ಅದೊಂದೇ. ಕರ್ನಾಟಕ 2016ರಲ್ಲೇ ಇ-ಸಿಗರೇಟು ಮಾರಾಟ ನಿಲ್ಲಿಸಲು ಆದೇಶ ಹೊರಡಿಸಿತ್ತು. 2019ರ ಸೆಪ್ಟೆಂಬರ್ 18ರಂದು ಕೇಂದ್ರದ ಸುಗ್ರೀವಾಜ್ಞೆ ಬಂತು, ಡಿಸೆಂಬರಿನಲ್ಲಿ ಅದು ಕಾಯ್ದೆಯಾಯಿತು. ಹೆಸರು ಯಾವುದೇ ಇರಲಿ, ಆಕಾರ ಗಾತ್ರ ಏನೇ ಇರಲಿ, ನಿಕೋಟಿನ್ ಇರಲಿ ಬಿಡಲಿ, ವಸ್ತುವನ್ನು ಕಾಯಿಸಿ ಒಳಗೆಳೆಯುವ ಮಂಜು ಮಾಡುವ ವಿದ್ಯುನ್ಮಾನ ಸಾಧನ ಈ ಕಾಯ್ದೆಯೊಳಗೆ ಬರುತ್ತದೆ. ನಾಳೆ ಏನೇ ರೂಪ ತಾಳಿ ಬಂದರೂ ಹಿಡಿಯುವಂತೆ ಆ ವ್ಯಾಖ್ಯೆ ಬರೆದವರು ಯಾರೋ ಜಾಣರು. "ಇದರಲ್ಲಿ ನಿಕೋಟಿನ್ ಇಲ್ಲ, ಬರೀ ಫ್ಲೇವರ್" ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ. ತಯಾರಿಕೆ, ಆಮದು, ಸಾಗಾಟ, ಮಾರಾಟ, ಹಂಚಿಕೆ, ಜಾಹೀರಾತಿಗೆ ಮೊದಲ ಸಲ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು, ಜೊತೆಗೆ 5 ಲಕ್ಷದವರೆಗೆ ದಂಡ. ಸಬ್ ಇನ್‌ಸ್ಪೆಕ್ಟರ್ ದರ್ಜೆಯ ಅಧಿಕಾರಿ ಒಳಹೊಕ್ಕು ಶೋಧಿಸಬಹುದು.

ಮಣಿಪಾಲದ ಮಟ್ಟಿಗೆ ಈ ಕಾಯ್ದೆಯ ಒಂದು ಕಲಮನ್ನು ಬಿಡಿಸಿ ಹೇಳಲೇಬೇಕು. ತನ್ನ ಜಾಗದಲ್ಲಿ ಇ-ಸಿಗರೇಟಿನ ದಾಸ್ತಾನು ಇಡಲು ತಿಳಿದೂ ಬಿಟ್ಟ ಮಾಲೀಕ ಅಥವಾ ಜಾಗದ ಉಸ್ತುವಾರಿಗೆ ಆರು ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುವಾದ ಮೇಲೆ ಬೆಳೆದ ಊರು ಇದು. ಬಾಡಿಗೆ ಕೋಣೆ, ಪಿಜಿ, ಫ್ಲ್ಯಾಟ್‌ಗಳ ಆದಾಯದ ಮೇಲೆ ನಿಂತ ಮನೆಗಳು ಮಣಿಪಾಲದಿಂದ ಪರ್ಕಳದವರೆಗೂ ಇವೆ. ಬಾಡಿಗೆ ಸರಿಯಾಗಿ ಬರುತ್ತದೆ, ಕೋಣೆಗೆ ದಿನಾ ನಾಲ್ಕು ಪಾರ್ಸೆಲ್ ಬಂದರೆ ನಮಗೇನು ಎಂದು ಕೂರುವ ಮಾಲೀಕರು ಈ ಕಲಮನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ಗಲ್ಫಿನಿಂದ ರಜೆಗೆ ಬರುವ ಅಣ್ಣಂದಿರಿಗೂ ಒಂದು ಮಾತು. ಅರಬ್ ಸಂಯುಕ್ತ ಸಂಸ್ಥಾನದಲ್ಲಿ 2019ರಿಂದ ಅದು ಅಂಗಡಿಯಲ್ಲೇ ಸಿಗುತ್ತದೆ, ನಿಜ. ಬ್ಯಾಗಿನಲ್ಲಿ ಹಾಕಿ ತಂದರೆ ಇಲ್ಲಿ ಅದು ಆಮದು. ಒಂದೇ ತಂದೆ ಎಂಬುದಕ್ಕೆ ಕಾಯ್ದೆಯಲ್ಲಿ ರಿಯಾಯಿತಿಯಿಲ್ಲ.

ನಿಷೇಧವಿದೆಯಲ್ಲ, ಮತ್ತೇಕೆ ಗಾಬರಿ ಎಂದು ಕೇಳಬಹುದು. ಸಿಂಗಾಪುರಕ್ಕಿಂತ ಬಿಗಿಯಾದ ಆಡಳಿತ ಯಾವುದಿದೆ? ಅಲ್ಲಿ 2018ರಿಂದಲೇ ವೇಪ್ ನಿಷೇಧ. ಆದರೂ ಕಳ್ಳದಾರಿಯಲ್ಲಿ ಬಂದ ಪಾಡ್‌ಗಳಲ್ಲಿ ಎಟೊಮಿಡೇಟ್ ಬೆರೆತು ಬಂತು. ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತನಾಳಕ್ಕೆ ಕೊಡುವ ಅರಿವಳಿಕೆ ಮದ್ದು ಅದು. ಯುವಕರು ತೂರಾಡುವುದು, ಕುಸಿದುಬೀಳುವುದು ಕಂಡ ಮೇಲೆ 2025ರ ಸೆಪ್ಟೆಂಬರ್ 1ರಿಂದ ಸಿಂಗಾಪುರ ಅದನ್ನು ಮಾದಕವಸ್ತುಗಳ ಪಟ್ಟಿಗೆ ಸೇರಿಸಬೇಕಾಯಿತು. ಕೊಳವೆಯೊಳಗೆ ನಿಕೋಟಿನ್ನೇ ಇರಬೇಕೆಂದೇನೂ ಇಲ್ಲ. ಕಾಯಿಸಿದರೆ ಮಂಜಾಗುವ ಯಾವುದನ್ನೂ ಅದರಲ್ಲಿ ತುಂಬಬಹುದು.

ಅಮೆರಿಕದಲ್ಲಿ 2019ರಲ್ಲಿ ಆದದ್ದೂ ಇದೇ ಪಾಠ. ಆರೋಗ್ಯವಂತ ಹುಡುಗರು ಉಸಿರಾಡಲಾಗದೆ ಆಸ್ಪತ್ರೆಗೆ ಬಂದರು. 2020ರ ಫೆಬ್ರವರಿ ಹೊತ್ತಿಗೆ 2,807 ಮಂದಿ ಆಸ್ಪತ್ರೆ ಸೇರಿದ್ದರು ಅಥವಾ ಸತ್ತಿದ್ದರು, ಸತ್ತವರು 68. ಬಹುಪಾಲು ಪ್ರಕರಣಗಳ ಹಿಂದೆ ಇದ್ದದ್ದು ಗಾಂಜಾದ ಸತ್ವ ತುಂಬಿದ ಕಳ್ಳ ಪಾಡ್‌ಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್, ಸಾಮಾನ್ಯ ನಿಕೋಟಿನ್ ವೇಪ್ ಅಲ್ಲ ಎಂಬುದನ್ನೂ ಹೇಳಬೇಕು. ನಮಗೆ ಇಲ್ಲಿ ಮುಖ್ಯವಾದದ್ದು ಬೇರೆ. ನಮ್ಮ ಕೇಸ್ ಶೀಟಿನಲ್ಲಿ "ಧೂಮಪಾನ: ಇದೆ / ಇಲ್ಲ" ಎಂದು ಕೇಳುವ ರೂಢಿ. ಹದಿನೇಳರ ಹುಡುಗ "ಇಲ್ಲ" ಎನ್ನುತ್ತಾನೆ. ಸುಳ್ಳೇನಲ್ಲ, ಅವನು ಸಿಗರೇಟು ಮುಟ್ಟಿದವನೇ ಅಲ್ಲ. ಮಣಿಪಾಲದ ದೊಡ್ಡ ಆಸ್ಪತ್ರೆಯಿಂದ ಹಿಡಿದು ಕಾರ್ಕಳ ತಾಲೂಕು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳವರೆಗೆ ಆ ಸಾಲಿನ ಪಕ್ಕದಲ್ಲಿ "ವೇಪ್, ಪಾಡ್, ಹುಕ್ಕಾ?" ಎಂದು ಇನ್ನೊಂದು ಸಾಲು ಸೇರಿಸಲು ಸರ್ಕಾರದ ಆದೇಶ ಬೇಕಾಗಿಲ್ಲ, ಪೆನ್ನು ಸಾಕು.

ಇನ್ನೊಂದು ವಾದವನ್ನೂ ಮುಚ್ಚಿಡಬಾರದು. ಬ್ರಿಟನ್ನಿನಲ್ಲಿ ಸಿಗರೇಟು ಬಿಡಲಾಗದ ವಯಸ್ಕರಿಗೆ ವೇಪ್‌ಗೆ ಬದಲಾಗಿ ಎಂದು ಸರ್ಕಾರಿ ಆರೋಗ್ಯ ಸೇವೆಯೇ ಹೇಳುತ್ತದೆ. ಉರಿದ ಹೊಗೆಗಿಂತ ಅದರ ಹಾನಿ ಕಡಿಮೆ ಎಂಬುದು ಅವರ ಲೆಕ್ಕ. ಅದೇ ಬ್ರಿಟನ್, ಮಕ್ಕಳ ಕೈಗೆ ಸೇರುತ್ತಿದೆ, ಕಸವಾಗುತ್ತಿದೆ ಎಂದು 2025ರ ಜೂನ್ 1ರಿಂದ ಬಿಸಾಡುವ ವೇಪ್‌ಗಳ ಮಾರಾಟ ನಿಲ್ಲಿಸಿತು. ನಲವತ್ತು ವರ್ಷ ಬೀಡಿ ಸೇದಿದ ಮಲ್ಪೆಯ ಅಜ್ಜನ ಬಗ್ಗೆ ಆ ಚರ್ಚೆ ನಡೆಯಲಿ. ನಮ್ಮ ಚಿಂತೆ ಎಂದೂ ಸೇದದ ಮೊಮ್ಮಗನದು. ದೇಶದ 13ರಿಂದ 15 ವರ್ಷದ ಶಾಲಾ ಮಕ್ಕಳ ನಡುವೆ 2019ರಲ್ಲಿ ನಡೆದ ಸಮೀಕ್ಷೆಯಲ್ಲಿ ಶೇ. 2.8ರಷ್ಟು ಮಕ್ಕಳು ಒಮ್ಮೆಯಾದರೂ ಇ-ಸಿಗರೇಟು ಎಳೆದಿದ್ದರು. ಬಿಸಾಡುವ ವೇಪ್ ಲೋಕವನ್ನೇ ತುಂಬುವುದಕ್ಕೆ ಮೊದಲಿನ ಅಂಕಿ ಇದು.

ಹಾಗಾದರೆ ಜಿಲ್ಲೆ ಏನು ಮಾಡಬೇಕು? ಬ್ಯಾಗ್ ತಪಾಸಣೆಯೊಂದನ್ನೇ ನೆಚ್ಚಿಕೊಳ್ಳಬೇಡಿ ಎಂದು ಮೊದಲೇ ಹೇಳುತ್ತೇವೆ. ವಸ್ತು ಇನ್ನೂ ಚಿಕ್ಕದಾಗುತ್ತದೆ, ಹುಡುಗ ಇನ್ನೂ ಚುರುಕಾಗುತ್ತಾನೆ. ಉಳಿಯುವುದು ಅಪನಂಬಿಕೆ ಮಾತ್ರ. ಉಪಕರಣದ ಹಿಂದೆ ಓಡಿದವರು ಸದಾ ಹಿಂದೆಯೇ ಇರುತ್ತಾರೆ. ಬದಲಾಗದೆ ಉಳಿದಿರುವುದು ನಿಕೋಟಿನ್ನಿನ ನಡತೆ. ರಕ್ತದಲ್ಲಿ ಅದರ ಪ್ರಮಾಣ ಸುಮಾರು ಎರಡು ಗಂಟೆಗೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಚಟ ಹತ್ತಿದವನು ಮೂರು ಪೀರಿಯಡ್ ಕೂರಲಾರ. ಶನಿವಾರ ಮಣಿಪಾಲದಲ್ಲಿ ಕಾರ್ಕಳದ ಬಸ್ಸು ಹತ್ತಿ ಹಿರಿಯಡ್ಕ ದಾಟಿ ಮನೆಗೆ ಬಂದವನು ಭಾನುವಾರ ಮಧ್ಯಾಹ್ನಕ್ಕೆ ಕಾರಣವಿಲ್ಲದೆ ಸಿಡುಕುತ್ತಾನೆ, ಮತ್ತೆ ಮತ್ತೆ ಬಚ್ಚಲಿಗೆ ಹೋಗುತ್ತಾನೆ, ನೀರು ಜಾಸ್ತಿ ಕುಡಿಯುತ್ತಾನೆ, ಒಣ ಕೆಮ್ಮು ಕೆಮ್ಮುತ್ತಾನೆ. ಇದೆಲ್ಲ ವೇಪ್‌ನಿಂದಲೇ ಎಂದಲ್ಲ. ಪರೀಕ್ಷೆಯ ಒತ್ತಡಕ್ಕೂ ಮಕ್ಕಳು ಹೀಗೆ ಆಡುತ್ತಾರೆ. ಆದರೆ "ವೇಪ್ ಎಳೀತೀಯಾ ಮಗಾ?" ಎಂದು ಹೆಸರು ಹಿಡಿದು ಮೆಲ್ಲಗೆ ಕೇಳಲು ಇಷ್ಟು ಸಾಕು. ಹೆಸರು ಗೊತ್ತಿರುವ ಅಮ್ಮನ ಮುಂದೆ ಪೆನ್‌ಡ್ರೈವ್ ಕಥೆ ನಡೆಯುವುದು ಕಷ್ಟ.

ಮುನ್ಸೂಚನೆ ಬೇಕೆಂದರೆ ಕಸದ ಕಡೆ ನೋಡಿ. ವಂಡ್ಸೆಯಿಂದ ಹೆಸರಾದ ಎಸ್‌ಎಲ್‌ಆರ್‌ಎಂ (ಘನ, ದ್ರವ ಸಂಪನ್ಮೂಲ ನಿರ್ವಹಣೆ) ಘಟಕಗಳು ಜಿಲ್ಲೆಯ ಪಂಚಾಯತುಗಳಲ್ಲಿವೆ. ಅಲ್ಲಿ ಒಣಕಸವನ್ನು ಕೈಯಿಂದ ಬೇರ್ಪಡಿಸುವ ಹೆಂಗಸರಿದ್ದಾರೆ. ಊರಿಗೆ ಯಾವ ಹೊಸ ವಸ್ತು ಬಂದಿದೆ ಎಂದು ಪೊಲೀಸರಿಗಿಂತ, ಪ್ರಾಂಶುಪಾಲರಿಗಿಂತ ಮೊದಲು ತಿಳಿಯುವುದು ಅವರಿಗೆ. ಜಿಲ್ಲಾ ತಂಬಾಕು ನಿಯಂತ್ರಣ ಕೋಶ ಅವರಿಗೆ ಒಂದು ಬಕೆಟ್ ಕೊಟ್ಟು, ಇಂಥದ್ದು ಸಿಕ್ಕರೆ ಇದರಲ್ಲಿ ಹಾಕಿ ಎಂದು ಹೇಳಿದರೆ, ಯಾವ ವಾರ್ಡಿನಲ್ಲಿ, ಯಾವ ತಿಂಗಳಲ್ಲಿ, ಯಾವ ಮಾದರಿ ಎಂಬ ಲೆಕ್ಕ ತಾನಾಗಿ ಸಿಗುತ್ತದೆ. ಒಳಗಿನ ಲಿಥಿಯಂ ಬ್ಯಾಟರಿ ಕಸದ ರಾಶಿಯಲ್ಲಿ ನಜ್ಜುಗುಜ್ಜಾದರೆ ಬೆಂಕಿ ಹತ್ತುವ ವಸ್ತು. ಆ ಹೆಂಗಸರ ಸುರಕ್ಷತೆಗಾದರೂ ಬಕೆಟ್ ಬೇಕು.

ಶಾಲೆ ಕಾಲೇಜುಗಳಲ್ಲಿ ಸಿಕ್ಕಿಬಿದ್ದ ಮಗುವನ್ನು ಏನು ಮಾಡಬೇಕೆಂಬುದು ಎಲ್ಲಕ್ಕಿಂತ ಸೂಕ್ಷ್ಮ. ಕಾಯ್ದೆಯ ಗುರಿ ಮಾರುವವನು. ಚಟ ಹತ್ತಿದ ಹದಿನಾರರ ಹುಡುಗಿಯನ್ನು ಟಿಸಿ ಕೊಟ್ಟು ಕಳಿಸಿದರೆ ಮಾರಿದವನ ಹೆಸರೂ ಅವಳ ಜೊತೆಗೇ ಹೋಗುತ್ತದೆ, ಮುಂದಿನ ಹುಡುಗಿ ಇನ್ನೂ ಆಳವಾಗಿ ಬಚ್ಚಿಡುತ್ತಾಳೆ. ಅವಳಿಗೆ ಬೇಕಾದದ್ದು ಆಪ್ತ ಸಮಾಲೋಚನೆ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಯಾರು ಬೇಕಾದರೂ ಪುಕ್ಕಟೆ ಕರೆ ಮಾಡಬಹುದು. ಬೀಡಿಕಟ್ಟಿನ ಮೇಲೂ ಸಿಗರೇಟು ಪೊಟ್ಟಣದ ಮೇಲೂ ಈ ಸಂಖ್ಯೆ ಅಚ್ಚಾಗಿರುತ್ತದೆ. ಕಳ್ಳಮಾಲಿನ ಮೇಲೆ ಅದನ್ನು ಅಚ್ಚು ಮಾಡುವವರಿಲ್ಲವಾದ್ದರಿಂದ, ಅತಿ ಹೆಚ್ಚು ಬೇಕಾದವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಜೂನ್‌ನಲ್ಲಿ ಪಿಯು ತರಗತಿ, ಅದರ ಬೆನ್ನಿಗೆ ಮಣಿಪಾಲದ ಹೊಸ ಪ್ರವೇಶ ಶುರುವಾಗುವ ಮೊದಲು ಪ್ರತಿ ಹಾಸ್ಟೆಲಿನ ಬಚ್ಚಲಿನ ಬಾಗಿಲ ಒಳಬದಿಗೆ ಆ ಸಂಖ್ಯೆಯನ್ನು ಅಂಟಿಸಲಿ. ತಲೆಬುರುಡೆಯ ಚಿತ್ರ ಬೇಡ.