ಚೋಮನನ್ನು ಇನ್ನೆಷ್ಟು ಸಲ ಸಾಯಿಸುತ್ತೀರಿ?

ಕಾದಂಬರಿ ಬರೆಯಹೊರಟ ನಮ್ಮ ಹುಡುಗರಿಗೆ ಪಂಡಿತರ ಉಪದೇಶ ಒಂದೇ: ಮೊದಲು ಕತೆಯ ಹಂದರ ಹಾಕಿ, ಕೊನೆ ಗಟ್ಟಿಯಾಗಿರಲಿ, ಓದುಗ ಕಣ್ಣೀರಿಡಬೇಕು. ಸರಿ ಸ್ವಾಮಿ. ಆದರೆ ಯಾರ ಹೆಣದ ಮುಂದೆ ಆ ಕಣ್ಣೀರು?

1933ರಲ್ಲಿ ಶಿವರಾಮ ಕಾರಂತರ 'ಚೋಮನ ದುಡಿ' ಬಂತು. ಅಸ್ಪೃಶ್ಯನೊಬ್ಬನಿಗೂ ಬೇಸಾಯದ ಆಸೆ ಇರುತ್ತದೆಂದು ಕನ್ನಡಕ್ಕೆ ಕೇಳಿಸಿದ ಪುಸ್ತಕ ಅದು. ಆ ಋಣವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದರ ಹಂದರ ನೋಡಿ. ಒಬ್ಬ ಮಗ ಕಾಫಿ ತೋಟದಿಂದ ತಂದ ಜ್ವರಕ್ಕೆ ಸತ್ತ. ಇನ್ನೊಬ್ಬ ಮನೆ ತೊರೆದ. ನೀಲ ನೀರಲ್ಲಿ ಮುಳುಗುವಾಗ, ಮುಟ್ಟಿದರೆ ಮೈಲಿಗೆಯೆಂದು ದಡದಲ್ಲಿದ್ದವರು ಕೈ ನೀಡಲಿಲ್ಲ. ಒಂದೊಂದೇ ಬಾಗಿಲು ಮುಚ್ಚುತ್ತಾ ಬಂದರೆ ಉಳಿಯುವುದು ಸಾವಿನ ಬಾಗಿಲು ಮಾತ್ರ. ಚೋಮ ದುಡಿ ಬಾರಿಸುತ್ತಲೇ ಸತ್ತ. ಕೊನೆ ಗಟ್ಟಿಯೇ! ಓದುಗ ಅತ್ತ, ಮುಖ ತೊಳೆದ, ಊಟಕ್ಕೆ ಕೂತ. ಭೂಮಿಯ ಪ್ರಶ್ನೆ ಚೋಮನ ಜೊತೆಯೇ ಮಣ್ಣಾಯಿತು.

ನಮ್ಮವರಲ್ಲೂ ಕೆಲವರು ಕೊನೇ ಪುಟದಲ್ಲಿ ಕೆಂಪು ಸೂರ್ಯನನ್ನು ಹುಟ್ಟಿಸಿ, ಗೌಡನ ಮನೆಗೆ ಬೆಂಕಿ ಇಕ್ಕಿಸಿ ಮುಗಿಸ್ತಾರೆ. ಅದೂ ಸುಳ್ಳೇ. ಹಿಂದಿನ ನೂರು ಪುಟದಲ್ಲಿ ಬೇರೇ ಇಲ್ಲದ ಗೆಲುವು ಸಿನಿಮಾದ ಗೆಲುವು.

ದೇವನೂರ ಮಹಾದೇವರ 'ಒಡಲಾಳ' ಓದಿ. ಕಳೆದುಹೋದ ಒಂದು ಹುಂಜ, ಮನೆಮಂದಿಯೆಲ್ಲ ರಾತ್ರಿ ಕೂತು ತಿನ್ನುವ ಕಡ್ಲೇಕಾಯಿ. ಅಷ್ಟರಲ್ಲೇ ಹಸಿವು, ನಗು, ಪೊಲೀಸು ಎಲ್ಲಾ ಬಂತು. ಸಾಕವ್ವ ಓದುಗನ ಕನಿಕರಕ್ಕೆ ಕೈಚಾಚುವವಳಲ್ಲ.

ಈಗ ತುಮಕೂರು ಪಕ್ಕದ ವಸಂತನರಸಾಪುರಕ್ಕೆ ಬನ್ನಿ. ಹೊಲ ಹೋಗಿ ಕೈಗಾರಿಕಾ ಪ್ರದೇಶ ಆಗೈತೆ. 2014ರ ಸೆಪ್ಟೆಂಬರಿನಲ್ಲಿ ಪ್ರಧಾನಿಯೇ ಬಂದು ಫುಡ್ ಪಾರ್ಕ್ ಉದ್ಘಾಟಿಸಿದರು. ಇಂಥ ಕಡೆ ಚೋಮನಂಥ ಒಬ್ಬ ಅಜ್ಜನನ್ನು ಕಲ್ಪಿಸಿಕೊಳ್ಳಿ. ಸರ್ಕಾರ ಮಂಜೂರು ಮಾಡಿದ ಎರಡೆಕರೆಯನ್ನು ಸಾಲದ ನೆಪದಲ್ಲಿ ಯಾರೋ ಬರೆಸಿಕೊಂಡಿದ್ದಾರೆ. ಪರಿಶಿಷ್ಟರಿಗೆ ಕೊಟ್ಟ ಇಂಥ ಜಮೀನಿನ ಪರಭಾರೆ ತಡೆಯಲು 1978ರ ಕಾನೂನೇ ಇದೆ. ಅಷ್ಟರಲ್ಲಿ ಭೂಸ್ವಾಧೀನದ ನೋಟೀಸು ಬರುತ್ತೆ. ಪರಿಹಾರ ಯಾರಿಗೆ? ಪಹಣಿಯಲ್ಲಿರೋ ಹೆಸರಿಗೋ, ಉತ್ತು ಬೆಳೆದ ಕೈಗೋ?

ಹಂದರವನ್ನು ಇಲ್ಲಿಂದ ಹಾಕಿ. ಒಂದು ಕಾಗದದಿಂದ ಇನ್ನೊಂದು ಕಾಗದ, ಒಂದು ಸುಳ್ಳಿನಿಂದ ಇನ್ನೊಂದು ಸುಳ್ಳು ಹುಟ್ಟಲಿ. ಅಜ್ಜ ಸೋತರೂ ಸೋಲಲಿ, ಬೇಡ ಅನ್ನಲ್ಲ. ಸೋಲಿಸಿದ್ದು ವಿಧಿಯಲ್ಲ, ಇಂಥಿಂಥವರು ಅಂತ ಓದುಗನಿಗೆ ಗೊತ್ತಾಗಲಿ. ಕೊನೇ ಪುಟದಲ್ಲಿ ಅವನ ಮೊಮ್ಮಗಳು ಎ.ಸಿ. ಕಚೇರಿಯ ಕಿಟಕಿ ಮುಂದೆ ನಿಂತು ಆದೇಶದ ನಕಲು ಕೇಳಲಿ. ಅದಕ್ಕಾಗಿ ಮೊದಲ ಅಧ್ಯಾಯದಲ್ಲೇ ಅವಳಿಗೆ ಅಕ್ಷರ ಕಲಿಸಿಡಿ; ಅಜ್ಜ ಹೆಬ್ಬೆಟ್ಟು ಒತ್ತಿದ ಕಾಗದವನ್ನು ನಡುವೆ ಎಲ್ಲಾದರೂ ಅವಳ ಕೈಗೆ ಕೊಡಿ. ಆಗ ಆ ಕೊನೆ ಆಕಾಶದಿಂದ ಬೀಳೋದಿಲ್ಲ, ಕತೆಯ ಹೊಟ್ಟೆಯಿಂದಲೇ ಬರುತ್ತೆ.

ಚೋಮನನ್ನು ಸಾಯಿಸಿ ಅತ್ತದ್ದು ಸಾಕು ಗೆಳೆಯರೆ. ನಮ್ಮ ಕಾದಂಬರಿ ಓದಿ ಮುಚ್ಚಿದವನು ಎದ್ದುಹೋಗಿ ತನ್ನ ಮನೆಯ ಪಹಣಿ ತೆಗೆದು ನೋಡಬೇಕು. ಅದರಲ್ಲಿ ಯಾರ ಜಮೀನಿದೆ ಅಂತ ಕೇಳಿಕೊಳ್ಳಬೇಕು. ಗಟ್ಟಿ ಕೊನೆ ಅಂದರೆ ನಮಗೆ ಅದು.